ಐದು ಪರಮಾಣುಗಳ ಏರಿ

ಟ್ರಾನ್ಸಿಸ್ಟರ್ ಎಂಬ ಶಬ್ದ ಕನ್ನಡ ನಾಡಿನ ಮನೆಗಳಿಗೆ ಬಂದದ್ದು ಬಾನುಲಿಯ ಮೂಲಕ. ಹೊಲದ ಬದುವಿನ ಮೇಲೆ, ಚಹದಂಗಡಿಯ ಕಟ್ಟೆಯ ಮೇಲೆ, ಹೆಗಲಿಗೆ ತೂಗುಹಾಕಿದ ತೊಗಲಿನ ಚೀಲದಲ್ಲಿ ಹಾಡುತ್ತಿದ್ದ ಪುಟ್ಟ ಪೆಟ್ಟಿಗೆಯನ್ನೇ ಜನ ‘ಟ್ರಾನ್ಸಿಸ್ಟರ್’ ಎಂದು ಕರೆದರು. ಒಳಗಿದ್ದ ಐದಾರು ಕಾಳುಗಳ ಹೆಸರು ಹೊರಗಿನ ಪೆಟ್ಟಿಗೆಗೆ ಅಂಟಿಕೊಂಡಿತು. ಇಂದು ಆ ಕಾಳುಗಳ ಸಂತತಿ ಊಹೆಗೆ ನಿಲುಕದಷ್ಟು ಬೆಳೆದಿದೆ. ಅಂಗೈಯ ಫೋನಿನೊಳಗಿನ ಸಿಲಿಕಾನ್ ಬಿಲ್ಲೆಯೊಂದರಲ್ಲೇ ನೂರಾರು ಕೋಟಿ ಟ್ರಾನ್ಸಿಸ್ಟರುಗಳಿರುತ್ತವೆ. ಅವುಗಳ ಸಂಖ್ಯೆಯನ್ನೂ ವೇಗವನ್ನೂ ಕೊಂಡಾಡುವವರು ಅನೇಕರಿದ್ದಾರೆ. ನಾನು ಇಂದು ಹೇಳಹೊರಟಿರುವುದು ಅವುಗಳ ಮುಪ್ಪಿನ ವಿಷಯ.

ಗಾಡಿಯ ಅಚ್ಚು ಸವೆಯುತ್ತದೆ. ಬಾವಿಯ ರಾಟೆ ಸವೆಯುತ್ತದೆ. ಬೀಸುಕಲ್ಲು ನುಣುಪಾದರೆ ಉಳಿ ಹಿಡಿದು ಮತ್ತೆ ಒರಟು ಮಾಡಿಸಬೇಕಾಗುತ್ತದೆ. ಇವೆಲ್ಲ ಉಜ್ಜಾಟದ ಫಲ. ಹಳೆಯ ರೇಡಿಯೋಗಳ ಗಾಜಿನ ವಾಲ್ವುಗಳಲ್ಲಿ ಉಜ್ಜಾಟವಿರಲಿಲ್ಲವಾದರೂ ಕೆಂಪಗೆ ಕಾಯುವ ತಂತಿಯಿತ್ತು, ಅದು ಒಂದು ದಿನ ಸುಟ್ಟುಹೋಗುತ್ತಿತ್ತು. ಟ್ರಾನ್ಸಿಸ್ಟರಿನಲ್ಲಿ ಉಜ್ಜುವುದೂ ಇಲ್ಲ, ಉರಿಯುವುದೂ ಇಲ್ಲ. ಆದುದರಿಂದಲೇ ಅದು ಬಂದ ಹೊಸತರಲ್ಲಿ, ಇದಕ್ಕೆ ಸಾವಿಲ್ಲ ಎಂಬ ಭಾವನೆ ಹರಡಿತು. ಆ ಭಾವನೆ ಎಷ್ಟರಮಟ್ಟಿಗೆ ನಿಜ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದವರು ಕೊನೆಗೆ ಬಂದು ನಿಂತದ್ದು ಒಂದು ಗಾಜಿನ ಪೊರೆಯ ಮುಂದೆ.

ಈ ಪೊರೆ ಎಲ್ಲಿದೆ, ಏಕಿದೆ ಎಂಬುದನ್ನು ಮೊದಲು ನೋಡೋಣ. ಸಿಲಿಕಾನಿನ ಮೈಯಲ್ಲಿ ಎರಡು ಕೊನೆಗಳಿವೆ ಎಂದುಕೊಳ್ಳಿ. ಒಂದರಿಂದ ಎಲೆಕ್ಟ್ರಾನುಗಳು ಹೊರಡಬೇಕು, ಇನ್ನೊಂದನ್ನು ಸೇರಬೇಕು. ನಡುವಣ ಸಿಲಿಕಾನ್ ಸಹಜಸ್ಥಿತಿಯಲ್ಲಿ ಅವಕ್ಕೆ ದಾರಿ ಕೊಡುವುದಿಲ್ಲ. ಆ ನಡುವಣ ಭಾಗದ ಮೇಲೆ ಒಂದು ಅವಾಹಕ ಪೊರೆ. ಪೊರೆಯ ಮೇಲೆ ಒಂದು ವಾಹಕ ಫಲಕ. ಈ ಫಲಕಕ್ಕೆ ಗೇಟು ಎಂದು ಹೆಸರು. ಗೇಟಿಗೆ ಧನ ವೋಲ್ಟೇಜು ಕೊಟ್ಟಾಗ ಅದರ ಸೆಳೆತಕ್ಕೆ ಎಲೆಕ್ಟ್ರಾನುಗಳು ಪೊರೆಯ ಅಡಿಯಲ್ಲಿ ಬಂದು ನೆರೆಯುತ್ತವೆ. ಕೊನೆಗಳೆರಡರ ನಡುವೆ ಕಾಲುವೆಯೊಂದು ತೆರೆಯುತ್ತದೆ. ವೋಲ್ಟೇಜು ತೆಗೆದರೆ ಕಾಲುವೆ ಬತ್ತುತ್ತದೆ. ಸೆಳೆತ ಪೊರೆಯನ್ನು ದಾಟಬೇಕು, ಎಲೆಕ್ಟ್ರಾನು ಮಾತ್ರ ದಾಟಬಾರದು. ಇಡೀ ಗಣಕಯುಗ ನಿಂತಿರುವುದು ಈ ಒಂದು ಕರಾರಿನ ಮೇಲೆ.

ಇಂಥ ಸಾಧನದ ಕಲ್ಪನೆ ಹಳೆಯದು. ಜೂಲಿಯಸ್ ಲಿಲಿಯೆನ್‌ಫೆಲ್ಡ್ ಎಂಬ ಭೌತವಿಜ್ಞಾನಿ 1920ರ ದಶಕದಲ್ಲೇ ಇದಕ್ಕೆ ಪೇಟೆಂಟು ಕೋರಿದ್ದ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್ ಮತ್ತು ಬ್ರಾಟೈನರು ನಿರ್ಮಿಸಿದ ಪ್ರಖ್ಯಾತ ಟ್ರಾನ್ಸಿಸ್ಟರು ಬೇರೆಯೇ ಬಗೆಯದು, ಜರ್ಮೇನಿಯಮ್ಮಿನದು. ಗೇಟು ಮತ್ತು ಪೊರೆಗಳ ಟ್ರಾನ್ಸಿಸ್ಟರನ್ನು ಅದೇ ಪ್ರಯೋಗಾಲಯದ ಮೊಹಮದ್ ಅಟಾಲಾ ಮತ್ತು ಡಾವನ್ ಕಾಂಗ್ 1960ರಲ್ಲಿ ಲೋಕದ ಮುಂದಿಟ್ಟರು. ಅವರಿಗೆ ದಾರಿ ತೋರಿದ್ದು ಸಿಲಿಕಾನಿನ ಒಂದು ಗುಣ. ಆಮ್ಲಜನಕದಲ್ಲಿ ಕಾಯಿಸಿದರೆ ಸಿಲಿಕಾನಿನ ಮೈಮೇಲೆ ಅದರದೇ ಆಕ್ಸೈಡು, ಎಂದರೆ ಮರಳಿನ ಮತ್ತು ಸ್ಫಟಿಕದ ಬಳಗದ ಅಪ್ಪಟ ಗಾಜು, ಒಂದೇ ಸಮನಾಗಿ ಬೆಳೆಯುತ್ತದೆ. ಜರ್ಮೇನಿಯಮ್ಮಿನ ಆಕ್ಸೈಡಾದರೋ ನೀರಿನಲ್ಲಿ ಕರಗಿಹೋಗುತ್ತದೆ. ಸಿಲಿಕಾನ್ ಯುಗವೆಂದು ನಾವು ಕರೆಯುವುದು ನನ್ನ ಎಣಿಕೆಯಲ್ಲಿ ಸಿಲಿಕಾನಿನ ತುಕ್ಕಿನ ಯುಗ. ಕಬ್ಬಿಣದ ತುಕ್ಕು ಕಬ್ಬಿಣವನ್ನು ತಿನ್ನುತ್ತದೆ. ಸಿಲಿಕಾನಿನ ತುಕ್ಕು ಅದಕ್ಕೆ ಅರಸೊತ್ತಿಗೆಯನ್ನೇ ತಂದುಕೊಟ್ಟಿತು.

ಆರಂಭದಲ್ಲಿ ಈ ಪೊರೆಯ ದಪ್ಪ ಸುಮಾರು 100 ನ್ಯಾನೊಮೀಟರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರು. ಆ ಕಾಲದ ಟ್ರಾನ್ಸಿಸ್ಟರುಗಳ ರೋಗ ವಿಚಿತ್ರವಾಗಿತ್ತು. ಇಂದು ಒಂದು ವೋಲ್ಟೇಜಿಗೆ ತೆರೆದುಕೊಂಡದ್ದು ನಾಳೆ ಇನ್ನೊಂದಕ್ಕೆ ತೆರೆದುಕೊಳ್ಳುತ್ತಿತ್ತು. ಫೇರ್‌ಚೈಲ್ಡ್ ಕಂಪನಿಯ ಸ್ನೋ, ಗ್ರೋವ್, ಡೀಲ್ ಮತ್ತು ಸಾ ಎಂಬ ನಾಲ್ವರು 1965ರಲ್ಲಿ ಇದರ ಕಾರಣವನ್ನು ಬಯಲಿಗೆ ತಂದರು. ಪೊರೆಯೊಳಗೆ ಸೋಡಿಯಂ ಅಯಾನುಗಳು ಅಲೆದಾಡುತ್ತಿದ್ದವು. ಸೋಡಿಯಂ ಎಂದರೆ ಅಡುಗೆಯ ಉಪ್ಪಿನಲ್ಲಿರುವುದೇ. ಕೆಲಸಗಾರರ ಕೈಬೆವರಿನಿಂದಲೂ ಅದು ಬರಬಹುದಾಗಿತ್ತು. ಈ ನಾಲ್ವರಲ್ಲಿ ಗ್ರೋವ್ ಮುಂದೆ ಇಂಟೆಲ್ ಕಂಪನಿಯ ಮುಖ್ಯಸ್ಥನಾದ. ಶುದ್ಧಿಯ ನಿಯಮಗಳು ಬಿಗಿಯಾದವು, ರೋಗ ವಾಸಿಯಾಯಿತು.

ಆಮೇಲೆ ಬಂದದ್ದು ಹೊರಗಿನಿಂದ ಅಂಟಿದ ರೋಗವಲ್ಲ. 1974ರಲ್ಲಿ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ಟ್ರಾನ್ಸಿಸ್ಟರನ್ನು ಕಿರಿದುಗೊಳಿಸುವ ಸೂತ್ರವನ್ನು ಪ್ರಕಟಿಸಿದರು. ಉದ್ದ, ಅಗಲ, ಪೊರೆಯ ದಪ್ಪ, ವೋಲ್ಟೇಜು, ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಇಳಿಸಿದರೆ ಸಾಧನ ಚಿಕ್ಕದಾಗಿಯೂ ಚುರುಕಾಗಿಯೂ ಆಗುತ್ತದೆಂಬುದು ಅದರ ಸಾರ. ಕೈಗಾರಿಕೆ ಅಳತೆಗಳನ್ನು ಆತುರದಿಂದ ಇಳಿಸಿತು. ವೋಲ್ಟೇಜನ್ನು ಮಾತ್ರ ಮನಸ್ಸಿಲ್ಲದ ಮನಸ್ಸಿನಿಂದ ಇಳಿಸಿತು. ಐದು ವೋಲ್ಟು ಎಂಬ ವಾಡಿಕೆ ಬಹುಕಾಲ ನಿಂತುಬಿಟ್ಟಿತು. ಫಲವಾಗಿ ಪೊರೆಯ ಮೇಲಿನ ಒತ್ತಡ ತಲೆಮಾರಿನಿಂದ ತಲೆಮಾರಿಗೆ ಏರಿತು. ಗಾಳಿಯಲ್ಲಿ ಸೆಂಟಿಮೀಟರಿಗೆ 30,000 ವೋಲ್ಟುಗಳಾದರೆ ಕಿಡಿ ಹಾರುತ್ತದೆ. ಈ ಗಾಜು ಸೆಂಟಿಮೀಟರಿಗೆ ಸುಮಾರು ಒಂದು ಕೋಟಿ ವೋಲ್ಟುಗಳವರೆಗೆ ತಡೆದು ನಿಲ್ಲಬಲ್ಲದು. ಇದರ ಅರ್ಥ ಒಂದು ನ್ಯಾನೊಮೀಟರಿಗೆ ಒಂದು ವೋಲ್ಟು. ಕೈಗಡಿಯಾರದ ಪುಟ್ಟ ಬ್ಯಾಟರಿ ಕೊಡುವ ಒಂದೂವರೆ ವೋಲ್ಟು ನಮಗೆ ಏನೂ ಅಲ್ಲ. ಆ ಪೊರೆಗೆ ಅದು ಸಿಡಿಲು.

2003ರ ವೇಳೆಗೆ ಇಂಟೆಲ್ ತಯಾರಿಸುತ್ತಿದ್ದ ಟ್ರಾನ್ಸಿಸ್ಟರುಗಳಲ್ಲಿ ಪೊರೆಯ ದಪ್ಪ 1.2 ನ್ಯಾನೊಮೀಟರಿಗೆ ಇಳಿದಿತ್ತು. ಪರಮಾಣುಗಳನ್ನು ಒಂದರ ಮೇಲೊಂದು ಪೇರಿಸಿದರೆ ಸುಮಾರು ಐದು ಪದರ. ತಲೆಗೂದಲೊಂದರ ದಪ್ಪದಲ್ಲಿ ಇಂಥ ಪೊರೆಗಳನ್ನು ಅರುವತ್ತು ಸಾವಿರಕ್ಕೂ ಮಿಗಿಲಾಗಿ ಅಡಕಬಹುದು. ಇದಕ್ಕೂ ಮೊದಲೇ, 1999ರಲ್ಲಿ, ಬೆಲ್ ಪ್ರಯೋಗಾಲಯದ ಡೇವಿಡ್ ಮುಲ್ಲರ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ ಒಂದು ಗಡಿ ಹೇಳಿದ್ದರು. 0.7 ನ್ಯಾನೊಮೀಟರಿಗಿಂತ ತೆಳುವಾದರೆ ಅದು ಗಾಜಿನ ಗುಣವನ್ನೇ ಕಳೆದುಕೊಳ್ಳುತ್ತದೆ. ಎರಡು ದಡಗಳ ಪ್ರಭಾವ ಒಂದನ್ನೊಂದು ಮುಟ್ಟಿಬಿಡುತ್ತದೆ.

ಇಷ್ಟು ತೆಳುವಾದಲ್ಲಿ ಮೊದಲು ಮುರಿದುಬೀಳುವುದು ನಾನು ಆಗ ಹೇಳಿದ ಕರಾರು. ಕ್ವಾಂಟಂ ವಿಜ್ಞಾನದ ಪ್ರಕಾರ ಎಲೆಕ್ಟ್ರಾನು ತನಗಿಂತ ಎತ್ತರದ ಗೋಡೆಯನ್ನು ಹಾರದೆಯೇ, ಕನ್ನ ಕೊರೆಯದೆಯೇ, ಆಚೆ ಕಡೆ ಕಾಣಿಸಿಕೊಳ್ಳಬಲ್ಲದು. ಪ್ರಬಲ ವಿದ್ಯುತ್‌ಕ್ಷೇತ್ರದಲ್ಲಿ ಇದು ನಡೆಯುವ ಬಗೆಯನ್ನು 1928ರಲ್ಲಿ ಗಣಿತಕ್ಕೆ ಅಳವಡಿಸಿದವರು ಫೌಲರ್ ಮತ್ತು ನಾರ್ಡ್‌ಹೈಮ್. ಎರಡು ವರ್ಷಗಳ ಅನಂತರ ಮದರಾಸಿನಿಂದ ಕೇಂಬ್ರಿಜ್‌ಗೆ ಹೋದ ತರುಣ ಚಂದ್ರಶೇಖರರ ಗುರುವಾದವನು ಇದೇ ಫೌಲರ್. ತಾರೆಗಳ ಒಡಲನ್ನೂ ಟ್ರಾನ್ಸಿಸ್ಟರಿನ ಪೊರೆಯನ್ನೂ ಒಬ್ಬನೇ ಪುರುಷನ ಲೇಖನಿ ಮುಟ್ಟಿತ್ತೆಂಬುದು ನೆನಪಿಡತಕ್ಕ ಸಂಗತಿ. ಪೊರೆ ಸುಮಾರು ಮೂರು ನ್ಯಾನೊಮೀಟರಿಗಿಂತ ತೆಳುವಾದರೆ ಎಲೆಕ್ಟ್ರಾನುಗಳು ನೇರವಾಗಿಯೇ ನುಸುಳತೊಡಗುತ್ತವೆ. ದಪ್ಪ 0.2 ನ್ಯಾನೊಮೀಟರು ಕಡಮೆಯಾದಾಗಲೆಲ್ಲ ಸೋರಿಕೆ ಸುಮಾರು ಹತ್ತು ಪಟ್ಟು ಏರುತ್ತದೆ. ಏನೂ ಕೆಲಸ ಮಾಡದೆ ಮೇಜಿನ ಮೇಲೆ ಬಿದ್ದಿರುವ ಯಂತ್ರವೂ ಬ್ಯಾಟರಿಯನ್ನು ಕುಡಿಯುವುದಕ್ಕೆ ಇದೊಂದು ಕಾರಣವಾಗಿತ್ತು.

ಸೋರಿಕೆ ವೆಚ್ಚದ ಮಾತು. ಸವೆತ ಆಯುಸ್ಸಿನ ಮಾತು. ಪೊರೆಯನ್ನು ದಾಟುವ ಎಲೆಕ್ಟ್ರಾನುಗಳು ಸುಮ್ಮನೆ ದಾಟಿಹೋಗುವುದಿಲ್ಲ. ಹಾದಿಯಲ್ಲಿ ಆಗೊಂದು ಈಗೊಂದು ಪರಮಾಣು ಬಂಧವನ್ನು ಕಡಿದು ಹೋಗುತ್ತವೆ. ಸಿಲಿಕಾನಿನ ಸ್ಫಟಿಕ ಶಿಸ್ತುಗಾರ, ಗಾಜು ಅಡ್ಡಾದಿಡ್ಡಿ. ಇವೆರಡೂ ಕೂಡುವ ಗಡಿಯಲ್ಲಿ ಕೈ ಹಿಡಿಯಲು ಜೊತೆಗಾರನಿಲ್ಲದ ಸಿಲಿಕಾನ್ ಪರಮಾಣುಗಳು ಉಳಿದುಬಿಡುತ್ತವೆ. ತಯಾರಿಕೆಯ ಕೊನೆಯಲ್ಲಿ, ಸುಮಾರು 400 ಡಿಗ್ರಿಯಲ್ಲಿ, ಬಿಲ್ಲೆಯ ಮೇಲೆ ಹೈಡ್ರೊಜನ್ ಹಾಯಿಸಿ ಆ ಒಂಟಿಗಳಿಗೆಲ್ಲ ಜೊತೆ ಕೂಡಿಸುತ್ತಾರೆ. ಹೀಗೆ ಮಾಡಿದಾಗ ಗಡಿಯ ಮೇಲಿನ ಲಕ್ಷ ಪರಮಾಣುಗಳಲ್ಲಿ ಒಂದೋ ಎರಡೋ ಮಾತ್ರ ಒಂಟಿಯಾಗಿ ಉಳಿಯುತ್ತವೆ. ಆದರೆ ಈ ನೆಂಟಸ್ತನ ಗಟ್ಟಿಯಾದುದಲ್ಲ. ಬಿಸಿಗೂ ವೇಗದ ಎಲೆಕ್ಟ್ರಾನಿನ ಪೆಟ್ಟಿಗೂ ಹೈಡ್ರೊಜನ್ ಕಳಚಿಕೊಳ್ಳುತ್ತದೆ. 1996ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಲೈಡಿಂಗ್, ಹೆಸ್ ಮೊದಲಾದವರು ಹೈಡ್ರೊಜನ್ನಿನ ಬದಲು ಅದರ ಭಾರವಾದ ಸೋದರ ಡ್ಯೂಟೇರಿಯಮ್ಮನ್ನು ಹಾಯಿಸಿ ನೋಡಿದರು. ರಾಸಾಯನಿಕವಾಗಿ ಎರಡೂ ಒಂದೇ. ತೂಕ ಮಾತ್ರ ಇಮ್ಮಡಿ. ವೇಗದ ಎಲೆಕ್ಟ್ರಾನುಗಳ ಪೆಟ್ಟನ್ನು ತಾಳುವ ಆಯುಸ್ಸು ಹತ್ತು ಪಟ್ಟಿಗೂ ಮಿಗಿಲಾಯಿತು. ಯಾರು ಪರಾರಿಯಾಗುತ್ತಿದ್ದಾರೆಂಬುದಕ್ಕೆ ಇದಕ್ಕಿಂತ ಚೆಲುವಾದ ಸಾಕ್ಷ್ಯ ಬೇಕಿರಲಿಲ್ಲ.

ಇನ್ನು ಪೊರೆ ಒಡೆಯುವ ಬಗೆ. ನಮ್ಮ ಹಳ್ಳಿಯ ಕೆರೆಗಳನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಮಳೆಗಾಲದಲ್ಲಿ ತುಂಬಿನಿಂತ ಕೆರೆಯ ಏರಿ ಒಮ್ಮೆಲೆ ಕುಸಿಯುವುದು ಅಪರೂಪ. ಏಡಿಗಳು ಅಲ್ಲೊಂದು ಇಲ್ಲೊಂದು ಬಿಲ ತೋಡುತ್ತವೆ. ಹೆಗ್ಗಣ ಒಂದು ಕಡೆ, ಗೆದ್ದಲು ಇನ್ನೊಂದು ಕಡೆ. ಯಾವ ಬಿಲವೂ ತಾನೊಂದೇ ಏರಿಯನ್ನು ಒಡೆಯಲಾರದು. ಆದರೆ ಒಂದು ದಿನ ಒಂದು ಬಿಲದ ಬಾಯಿ ಮತ್ತೊಂದರ ಬೆನ್ನಿಗೆ ತಾಗಿ, ಅದು ಮಗುದೊಂದಕ್ಕೆ ತಾಗಿ, ನೀರಿನ ಮಗ್ಗುಲಿನಿಂದ ಗದ್ದೆಯ ಮಗ್ಗುಲಿಗೆ ಒಂದು ಎಡೆ ಏರ್ಪಡುತ್ತದೆ. ಮೊದಲು ಒಸರು, ಆಮೇಲೆ ಜಿನುಗು, ಆಮೇಲೆ ಹೇಳತೀರದು. ಪೊರೆಯಲ್ಲಿಯೂ ಹೀಗೆಯೇ. ಕಡಿದುಹೋದ ಬಂಧಗಳು ಗೊತ್ತುಗುರಿಯಿಲ್ಲದೆ ಅಲ್ಲಲ್ಲಿ ಚದುರಿರುತ್ತವೆ. ಅವು ಸಾಲುಗೂಡಿ ಗೇಟಿನಿಂದ ಸಿಲಿಕಾನಿನವರೆಗೆ ಸರಪಳಿಯಾದ ಕ್ಷಣವೇ ಪೊರೆ ಒಡೆದ ಕ್ಷಣ. 1990ರ ದಶಕದಲ್ಲಿ ಬೆಲ್ಜಿಯಮ್ಮಿನ ಲೂವೆನ್ ನಗರದ ಐಮೆಕ್ ಸಂಸ್ಥೆಯ ರಾಬಿನ್ ಡೆಗ್ರಾವ್ ಮೊದಲಾದವರು ಈ ಚಿತ್ರಕ್ಕೆ ಗಣಿತದ ರೂಪ ಕೊಟ್ಟರು.

ಏರಿ ದಪ್ಪವಾಗಿದ್ದರೆ ಸರಪಳಿಗೆ ಬಹಳ ಬಿಲಗಳು ಬೇಕು. ಅಷ್ಟು ಬಿಲಗಳು ಕೂಡುವ ಹೊತ್ತಿಗೆ ಎಲ್ಲ ಏರಿಗಳೂ ಹೆಚ್ಚುಕಡಮೆ ಒಂದೇ ವಯಸ್ಸಿನಲ್ಲಿ ಒಡೆಯುತ್ತವೆ. ಪೊರೆ ಐದು ಪರಮಾಣುಗಳಷ್ಟಾದರೆ ಒಂದೆರಡು ದೋಷಗಳೇ ಸಾಕು. ಆಗ ಒಡೆಯುವ ಕಾಲ ಬರಿಯ ಅದೃಷ್ಟದ ಮಾತಾಗುತ್ತದೆ. ಒಂದು ಇಂದು ಒಡೆದೀತು, ಪಕ್ಕದ್ದು ನೂರು ವರ್ಷ ಬಾಳೀತು. ಸ್ವೀಡನ್ನಿನ ಎಂಜಿನಿಯರ್ ವಾಲೊಡ್ಡಿ ವೈಬುಲ್ ಉಕ್ಕು ಮೊದಲಾದ ವಸ್ತುಗಳು ಮುರಿಯುವ ಕ್ರಮಕ್ಕೆಂದು ರೂಪಿಸಿದ ಸಂಖ್ಯಾಶಾಸ್ತ್ರ ಇಲ್ಲಿ ಚೆನ್ನಾಗಿ ಒಗ್ಗುತ್ತದೆ. ಅದರ ಲೆಕ್ಕವನ್ನು ಒಮ್ಮೆ ಕೇಳಬೇಕು. ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಒಂದು ಚಿಕ್ಕ ತುಣುಕನ್ನು. ಮಾರುಕಟ್ಟೆಗೆ ಹೋಗುವ ಬಿಲ್ಲೆಯಲ್ಲಿ ಪೊರೆಯ ಒಟ್ಟು ವಿಸ್ತೀರ್ಣ ಅದರ ಹತ್ತು ಲಕ್ಷ ಪಟ್ಟು ಎಂದಿಟ್ಟುಕೊಳ್ಳೋಣ. ಅತಿ ದುರ್ಬಲವಾದ ಜಾಗ ಒಡೆದರೆ ಇಡೀ ಬಿಲ್ಲೆಯೇ ಕೆಟ್ಟಂತೆ. ದಪ್ಪ ಪೊರೆಯಾದರೆ ಬಿಲ್ಲೆಯ ಆಯುಸ್ಸು ತುಣುಕಿನ ಆಯುಸ್ಸಿಗಿಂತ ನಾಲ್ಕು ಪಟ್ಟು ಕಡಮೆಯಾಗುತ್ತದೆ, ಅಷ್ಟೆ. ಅತಿ ತೆಳು ಪೊರೆಯಾದರೆ ಹತ್ತು ಲಕ್ಷ ಪಟ್ಟು ಕಡಮೆಯಾಗುತ್ತದೆ! ಗಾಜು ಅದೇ, ಕುಲುಮೆ ಅದೇ, ಕೈ ಅದೇ. ದಪ್ಪವೊಂದು ಬದಲಾದುದಕ್ಕೆ ಈ ದಂಡ.

ಕಂಪನಿಗಳು ಸಾಮಾನ್ಯವಾಗಿ ತಮ್ಮೊಳಗೆ ಇಟ್ಟುಕೊಳ್ಳುವ ಗುರಿ ಹತ್ತು ವರ್ಷ. ಹತ್ತು ವರ್ಷ ಕಾದು ಪರೀಕ್ಷಿಸಿ ಆಮೇಲೆ ಮಾರುವವರು ಯಾರು? ಆದುದರಿಂದ ಬಿಸಿ ಹೆಚ್ಚಿಸಿ, ವೋಲ್ಟೇಜು ಹೆಚ್ಚಿಸಿ, ಸಾವನ್ನು ವಾರಗಳಲ್ಲಿ ಬರಮಾಡಿಕೊಳ್ಳುತ್ತಾರೆ. ಅಲ್ಲಿಂದ ಹಿಂದಕ್ಕೆ ಗೆರೆ ಎಳೆದು ಸಹಜ ಬಳಕೆಯಲ್ಲಿ ಎಷ್ಟು ಕಾಲ ಬಾಳೀತೆಂದು ಊಹಿಸುತ್ತಾರೆ. ಗೆರೆ ಹೇಗೆ ಎಳೆಯಬೇಕೆಂಬುದೇ ಜಗಳ. 1980ರ ದಶಕದಿಂದ ಎರಡು ಪಕ್ಷಗಳಿದ್ದವು. ವಿದ್ಯುತ್‌ಕ್ಷೇತ್ರವೇ ಬಂಧಗಳನ್ನು ಹಿಗ್ಗಿಸಿ ಕಡಿಯುತ್ತದೆಂದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಮೆಕ್‌ಫರ್ಸನ್ ವಾದಿಸಿದ. ನುಸುಳಿ ಬಂದ ಎಲೆಕ್ಟ್ರಾನುಗಳು ಆಚೆ ದಡದಲ್ಲಿ ಎಬ್ಬಿಸುವ ಧನ ಆವೇಶಗಳು ಹಿಂದಿರುಗಿ ಪೊರೆಯನ್ನು ಹಾಳುಮಾಡುತ್ತವೆಂದು ಬರ್ಕ್ಲಿಯ ಚೆನ್‌ಮಿಂಗ್ ಹೂ ವಾದಿಸಿದ. ಪ್ರಯೋಗಾಲಯದ ಅಂಕಿಗಳಿಗೆ ಎರಡೂ ಗೆರೆಗಳು ಹೊಂದುತ್ತಿದ್ದವು. ಬಳಕೆಯ ವೋಲ್ಟೇಜಿಗೆ ಇಳಿಸಿದಾಗ ಮಾತ್ರ ಒಂದು ಗೆರೆ ಅಲ್ಪಾಯು ಎನ್ನುತ್ತಿತ್ತು, ಇನ್ನೊಂದು ದೀರ್ಘಾಯು ಎನ್ನುತ್ತಿತ್ತು. ಒಂದೇ ಜಾತಕವನ್ನು ಇಬ್ಬರು ಜೋಯಿಸರು ಓದಿದಂತೆ.

1998ರಲ್ಲಿ ಐಬಿಎಂ ಸಂಸ್ಥೆಯ ಸ್ಟೇಥಿಸ್ ಮತ್ತು ಡಿಮರಿಯಾ ಎಚ್ಚರಿಕೆಯ ಗಂಟೆ ಬಾರಿಸಿದರು. ಸೋರಿಕೆಯ ಗಡಿ ಬರುವ ಮೊದಲೇ ಸವೆತದ ಗಡಿ ಎದುರಾಗಿ, ಪೊರೆಯನ್ನು ತೆಳುಗೊಳಿಸುವ ಓಟ ನಿಂತುಹೋದೀತೆಂಬುದು ಅವರ ಮಾತು. ಓಟ ನಿಲ್ಲಲಿಲ್ಲ. ಅವರು ಹೇಳಿದ್ದು ಹುಸಿಯೆಂದಲ್ಲ. ಗಂಟೆಯ ಸದ್ದಿಗೆ ಎಚ್ಚೆತ್ತವರು ಮತ್ತಷ್ಟು ಆಳಕ್ಕೆ ಹೋಗಿ ನೋಡಿದರು. ಅತಿ ತೆಳು ಪೊರೆಗಳಲ್ಲಿ ಆಯುಸ್ಸು ವೋಲ್ಟೇಜಿನ ಸುಮಾರು ನಲವತ್ತನೆಯ ಘಾತಕ್ಕೆ ವಿಲೋಮವಾಗಿ ನಡೆಯುತ್ತದೆಂದು ಕಂಡುಬಂತು. ವೋಲ್ಟೇಜನ್ನು ನೂರಕ್ಕೆ ಹತ್ತರಷ್ಟು ಏರಿಸಿದರೆ ಆಯುಸ್ಸು 45 ಪಟ್ಟು ಕುಗ್ಗುತ್ತದೆ. ಅಷ್ಟೇ ಇಳಿಸಿದರೆ ಅದಕ್ಕೂ ಹೆಚ್ಚು ಪಟ್ಟು ಹಿಗ್ಗುತ್ತದೆ. ಎರಡನೆಯದಾಗಿ, ತೆಳು ಪೊರೆಯ ಒಡೆತ ಮೆದುವಾದುದು. ದಪ್ಪ ಪೊರೆ ಒಡೆದಾಗ ಅಲ್ಲಿ ಕರಗಿ ಸುಟ್ಟ ಗುಳಿಯಾಗುತ್ತದೆ. ತೆಳು ಪೊರೆಯಲ್ಲಿ ಮೊದಲು ಒಂದು ಒಸರು ಕಾಣಿಸಿಕೊಂಡು ನಿಧಾನವಾಗಿ ಬಲಿಯುತ್ತದೆ. ಐಮೆಕ್‌ನವರು ಮಂಡಲವೊಂದರ ಪೊರೆಗಳನ್ನು ಬೇಕೆಂದೇ ಒಡೆದು ನೋಡಿದರು. ಹಲವು ಕಡೆ ಒಡೆದ ಮೇಲೂ ಅದು ಮಿಡಿಯುತ್ತಲೇ ಇತ್ತು. ಒಡೆದದ್ದೆಲ್ಲ ಸತ್ತದ್ದಲ್ಲ ಎಂದಾಯಿತು. ಇದು ಸಮಾಧಾನದ ಸಂಗತಿಯೇ. ಆದರೂ ಸಾವಿನ ವ್ಯಾಖ್ಯೆಯನ್ನು ಬದಲಿಸಿ ಆಯುಸ್ಸನ್ನು ಹೆಚ್ಚಿಸಿಕೊಂಡಾಗ ಕೊಳ್ಳುವವನಿಗೆ ಅದನ್ನು ಹೇಳುವುದು ನ್ಯಾಯ. ಔಷಧದ ಸೀಸೆಯ ಮೇಲೆ ಅವಧಿ ಅಚ್ಚಾಗಿರುತ್ತದೆ. ಸಾವಿರಾರು ರೂಪಾಯಿಯ ಫೋನಿನ ಡಬ್ಬಿಯ ಮೇಲೆ ಒಳಗಿನ ಪೊರೆಯ ಅವಧಿ ಅಚ್ಚಾದುದನ್ನು ನಾನು ಕಂಡಿಲ್ಲ. ಫೋನನ್ನು ಮೂರು ವರ್ಷಕ್ಕೆ ಬದಲಾಯಿಸುವವರಿಗೆ ಇದು ಹತ್ತದ ಮಾತು. ಆದರೆ ಅದೇ ಕುಲದ ಬಿಲ್ಲೆಗಳು ಇಂದು ಕಾರಿನ ಬ್ರೇಕನ್ನು ನಿಯಂತ್ರಿಸುತ್ತವೆ. ಕಾರು ಹದಿನೈದು ವರ್ಷ ಓಡುತ್ತದೆ, ಎಂಜಿನಿನ ಪಕ್ಕದಲ್ಲಿ ಬಿಸಿ ನೂರು ಡಿಗ್ರಿಯನ್ನು ಮೀರುತ್ತದೆ.

ಒಡೆತದಷ್ಟು ಗದ್ದಲವಿಲ್ಲದ ಇನ್ನೊಂದು ಮುಪ್ಪೂ ಉಂಟು. ಗೇಟಿಗೆ ಋಣ ವೋಲ್ಟೇಜು ಕೊಟ್ಟು ಬಳಸುವ ಬಗೆಯ ಟ್ರಾನ್ಸಿಸ್ಟರುಗಳು ಬಿಸಿಯಲ್ಲಿ ದುಡಿಯುತ್ತ ಹೋದಂತೆ ಮೆಲ್ಲಮೆಲ್ಲನೆ ಮಂದವಾಗುತ್ತವೆ. ಅವನ್ನು ತೆರೆಯಲು ಹೆಚ್ಚು ಹೆಚ್ಚು ವೋಲ್ಟೇಜು ಬೇಕಾಗುತ್ತದೆ. ಇದು 1960ರ ದಶಕದಲ್ಲೇ ಗೊತ್ತಿದ್ದ ರೋಗ. 1977ರಲ್ಲಿ ಸ್ವೀಡನ್ನಿನ ಜೆಪ್ಸನ್ ಮತ್ತು ಸ್ವೆನ್ಸನ್ ಇದಕ್ಕೆ ಹೈಡ್ರೊಜನ್ನಿನ ಪಲಾಯನವೇ ಕಾರಣವೆಂದು ವಿವರಿಸಿದ್ದರು. ಪೊರೆ ತೆಳುವಾದಂತೆ ಸೋರಿಕೆ ತಡೆಯಲು ಅದಕ್ಕೆ ಸಾರಜನಕ ಬೆರೆಸತೊಡಗಿದರಷ್ಟೆ. ಆಗ ಈ ರೋಗ ಮರುಕಳಿಸಿತು. ಇದರ ವೈಚಿತ್ರ್ಯವೆಂದರೆ, ದುಡಿಮೆ ನಿಲ್ಲಿಸಿದರೆ ರೋಗ ತಾನಾಗಿ ಒಂದಿಷ್ಟು ವಾಸಿಯಾಗುತ್ತದೆ. ವೈದ್ಯ ನಾಡಿ ಹಿಡಿಯುವಷ್ಟರಲ್ಲಿ ಜ್ವರ ಇಳಿದಿರುತ್ತದೆ. ಮೈಕ್ರೊಸೆಕೆಂಡಿನಲ್ಲಿ ಅಳೆಯುವ ಉಪಕರಣಗಳು ಬರುವವರೆಗೆ ಹಲವು ಅಳತೆಗಳು ರೋಗವನ್ನು ಇದ್ದುದಕ್ಕಿಂತ ಹಗುರಾಗಿ ತೋರಿಸಿದವು. ಇದರ ಮೂಲ ಹೈಡ್ರೊಜನ್ನೋ, ಪೊರೆಯೊಳಗೆ ಸಿಕ್ಕಿಬೀಳುವ ಆವೇಶಗಳೋ ಎಂಬ ವಿವಾದ ದೀರ್ಘವಾಗಿ ನಡೆದಿದೆ. ಮುಂಬಯಿಯ ಐಐಟಿಯ ಸೌವಿಕ್ ಮಹಾಪಾತ್ರ ಒಂದು ಕಡೆ, ವಿಯೆನ್ನಾದ ಟೀಬರ್ ಗ್ರಾಸರ್ ಇನ್ನೊಂದು ಕಡೆ ಈ ವಿವಾದದ ಪ್ರಮುಖರು.

ಕೆರೆ ಕಟ್ಟಿಸಿದ ನಮ್ಮ ಹಿಂದಿನವರು ಅದರ ದುರಸ್ತಿಗೆಂದು ಭೂಮಿ ಬಿಟ್ಟು, ಕೆರೆಗೊಡಗೆ, ಕಟ್ಟುಕೊಡಗೆ ಎಂದು ಶಾಸನ ಬರೆಸುತ್ತಿದ್ದರು. ಬಿಲ್ಲೆಯೊಳಗೆ ಹೋಗಿ ಏರಿಗೆ ಮಣ್ಣು ಹಾಕುವವರಿಲ್ಲ. ವಿನ್ಯಾಸಕಾರರು ಮುಂಗಡವಾಗಿಯೇ ಒಂದಿಷ್ಟು ಬಿಡಬೇಕು. ಹೊಸದಾಗಿದ್ದಾಗ ಓಡಬಲ್ಲ ವೇಗಕ್ಕಿಂತ ಕಡಮೆ ವೇಗವನ್ನು ನಿಗದಿಮಾಡಿ, ಮುಪ್ಪಿಗೆ ಅವಕಾಶ ಇಡುತ್ತಾರೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸಕೇಂದ್ರ ತೆರೆದಂದಿನಿಂದ ಈ ಬಗೆಯ ಕೆಲಸ ನಮ್ಮ ನಾಡಿನಲ್ಲಿ ಬೆಳೆಯುತ್ತ ಬಂದಿದೆ. ಅಲ್ಲಿ ದುಡಿಯುವ ನಮ್ಮ ತರುಣ ತರುಣಿಯರಿಗೆ ಈ ಮುಪ್ಪಿನ ಲೆಕ್ಕ ದಿನನಿತ್ಯದ್ದು.

ಪೊರೆಯನ್ನೇ ಬದಲಿಸುವ ಪ್ರಯತ್ನ 2007ರಲ್ಲಿ ಫಲಿಸಿತು. ಇಂಟೆಲ್ ಆ ವರ್ಷ ಮಾರುಕಟ್ಟೆಗೆ ತಂದ ಬಿಲ್ಲೆಗಳಲ್ಲಿ ಗಾಜಿಗೆ ಬದಲಾಗಿ ಹಾಫ್ನಿಯಂ ಮೂಲದ ಆಕ್ಸೈಡು ಇತ್ತು. ಗೇಟಿನ ಸೆಳೆತವನ್ನು ಅದು ಗಾಜಿಗಿಂತ ಐದಾರು ಪಟ್ಟು ಚೆನ್ನಾಗಿ ದಾಟಿಸುತ್ತದೆ. ಆದುದರಿಂದ ಅದನ್ನು ದಪ್ಪವಾಗಿಯೇ ಇಡಬಹುದು. ಸೋರಿಕೆ ಹತ್ತಾರು ಪಟ್ಟು ಇಳಿಯಿತು. ಆದರೆ ಹಾಫ್ನಿಯಂ ಆಕ್ಸೈಡನ್ನು ನೇರವಾಗಿ ಸಿಲಿಕಾನಿನ ಮೇಲೆ ಕೂರಿಸಿದರೆ ಗಡಿ ಕೆಡುತ್ತದೆ. ನಡುವೆ ಒಂದು ನ್ಯಾನೊಮೀಟರಿಗೂ ತೆಳುವಾದ ಹಳೆಯ ಗಾಜಿನ ಪದರ ಇರಲೇಬೇಕಾಯಿತು; ಇಂದಿಗೂ ಇದೆ. ಹೊಸ ಆಕ್ಸೈಡಿಗೆ ತನ್ನದೇ ಚಾಳಿಯೂ ಉಂಟು. ಅದು ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ದಪ್ಪ ಪೊರೆಗಳ ಕಾಲದ ಬಿಲ್ಲೆಗಳು ಹೇಗಿವೆ ಎಂದು ಕೇಳುವವರಿಗೆ ವಾಯೇಜರ್-1 ನೌಕೆಯ ಸುದ್ದಿ ಹೇಳಬೇಕು. 1977ರಲ್ಲಿ ಹಾರಿಹೋದ ಈ ನೌಕೆ 2023ರ ನವೆಂಬರಿನಲ್ಲಿ ಅರ್ಥವಿಲ್ಲದ ಸಂಕೇತಗಳನ್ನು ಕಳುಹಿಸತೊಡಗಿತು. ಆಗ ಅದು ಸುಮಾರು 2,400 ಕೋಟಿ ಕಿಲೊಮೀಟರು ದೂರದಲ್ಲಿತ್ತು; ಒಂದು ಪ್ರಶ್ನೆ ಕಳುಹಿಸಿದರೆ ತಲುಪಲು ಇಪ್ಪತ್ತೆರಡು ಗಂಟೆಗೂ ಮೇಲೆ ಬೇಕು, ಉತ್ತರ ಬರಲು ಮತ್ತೆ ಅಷ್ಟೇ. ತಿಂಗಳುಗಟ್ಟಲೆ ಹುಡುಕಿದ ಮೇಲೆ ಸಿಕ್ಕಿದ್ದು ಕೆಟ್ಟುಹೋದ ಒಂದೇ ಒಂದು ಸ್ಮೃತಿಬಿಲ್ಲೆ. ವ್ಯೋಮದ ವೇಗದ ಕಣವೊಂದು ಬಡಿದಿರಬೇಕು, ಇಲ್ಲವೇ 46 ವರ್ಷಗಳಲ್ಲಿ ಸವೆದಿರಬೇಕು ಎಂದರು ಎಂಜಿನಿಯರುಗಳು. ಆ ಬಿಲ್ಲೆಯಲ್ಲಿದ್ದ ಆದೇಶಗಳನ್ನೆಲ್ಲ ಒಟ್ಟಿಗೆ ಇಡುವಷ್ಟು ಜಾಗ ಬೇರೆಲ್ಲಿಯೂ ಇರಲಿಲ್ಲ. ಅವನ್ನು ತುಂಡುಮಾಡಿ, ಉಳಿದ ಸ್ಮೃತಿಯ ಸಂದುಗೊಂದುಗಳಲ್ಲಿ ಹಂಚಿಟ್ಟರು. 2024ರ ಏಪ್ರಿಲ್ 20ರಂದು ನೌಕೆಯಿಂದ ಮತ್ತೆ ಅರ್ಥವುಳ್ಳ ಉತ್ತರ ಬಂತು.